ನೇಪಾಳದ ಗದ್ದೆಯಲ್ಲಿ ನಾನು ಮುಯ್ಯಾಳಾದ ದಿನ: ಹೊರದೇಶದಲ್ಲಿ ಸೇವೆ ಮಾಡಿದವರು ನಿಮ್ಮದೂ ಹೇಳಿ

ತುಂಗೆಯ_ಮಗಳು

ಎಲ್ಲರಿಗೂ ನಮಸ್ಕಾರ. ಮಳೆ ಶುರುವಾಗಿದೆ. ಸಸಿಮಡಿ ಚೆನ್ನಾಗಿ ಬಂದಿದೆ ಅಂತ ಊರಿಂದ ಅಣ್ಣ ಫೋನ್ ಮಾಡಿದ್ದ. ಪ್ರತಿ ವರ್ಷ ಈ ಹೊತ್ತಿಗೆ ತೀರ್ಥಹಳ್ಳಿ ಕಡೆಯ ನಮ್ಮ ಗದ್ದೆಯ ಜೊತೆಗೆ ಇನ್ನೊಂದು ಗದ್ದೆಯೂ ನನಗೆ ನೆನಪಾಗುತ್ತದೆ. ಅದು ಇರುವುದು ನೇಪಾಳದ ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿ, ಇಂದ್ರಾವತಿ ನದಿಯ ಮೇಲಿನ ಇಳಿಜಾರಿನಲ್ಲಿ.

2016ರಲ್ಲಿ ಮಾರ್ಚ್‌ನಿಂದ ಜುಲೈವರೆಗೆ ನಾನು ಅಲ್ಲಿದ್ದೆ. ನಾನು ಸಿವಿಲ್ ಇಂಜಿನಿಯರ್. ಹಿಂದಿನ ವರ್ಷ ಏಪ್ರಿಲ್ 25ರಂದು ಮಧ್ಯಾಹ್ನ 12ಕ್ಕೆ ನಾಲ್ಕು ನಿಮಿಷ ಇರುವಾಗ 7.8ರ ಭೂಕಂಪ ಆಗಿತ್ತು. ಕೇಂದ್ರ ಇದ್ದದ್ದು ಗೋರ್ಖಾ ಜಿಲ್ಲೆಯ ಬಾರ್‌ಪಾಕ್ ಹತ್ತಿರ. ಆದರೆ ಅತಿ ಹೆಚ್ಚು ಜನ ಸತ್ತದ್ದು ಸಿಂಧುಪಾಲ್ಚೋಕ್‌ನಲ್ಲಿ, ಸುಮಾರು 3,500 ಜನ. ಮೇ 12ಕ್ಕೆ 7.3ರ ಇನ್ನೊಂದು ಕಂಪನ ಬಂತು. ಮೊದಲನೆಯದರಲ್ಲಿ ಬಿರುಕು ಬಿಟ್ಟು ನಿಂತಿದ್ದ ಮನೆಗಳೂ ಆಗ ಬಿದ್ದವು. ಮೊದಲ ಕಂಪನ ಆದದ್ದು ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರ. ಶಾಲೆಗಳು ಖಾಲಿ ಇದ್ದವು, ತುಂಬಾ ಜನ ಹೊಲದಲ್ಲಿದ್ದರು. ಇಲ್ಲದಿದ್ದರೆ ಎಷ್ಟು ಮಕ್ಕಳು ಹೋಗುತ್ತಿದ್ದರೋ, ಯೋಚಿಸಲಿಕ್ಕೂ ಆಗುವುದಿಲ್ಲ.

ಬಿದ್ದ ಮನೆಗಳಲ್ಲಿ ಹೆಚ್ಚಿನವು ಕಲ್ಲು ಮತ್ತು ಮಣ್ಣಿನವು. ಗೋಡೆಯನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಪಟ್ಟಿ ಇರಲಿಲ್ಲ. ಗೋಡೆಯ ಒಳಮುಖ, ಹೊರಮುಖ ಎರಡನ್ನೂ ಕಚ್ಚಿ ಹಿಡಿಯುವ ಉದ್ದ ಕಲ್ಲುಗಳೂ ಇರಲಿಲ್ಲ. ಊರಿನ ಮೇಸ್ತ್ರಿಗಳ ಜೊತೆ ಓಡಾಡಿ ಇವನ್ನು ಹೇಗೆ ಸೇರಿಸುವುದು ಅಂತ ಮಾಡಿ ತೋರಿಸುವುದು ನಮ್ಮ ತಂಡದ ಕೆಲಸ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲ ಮೂರು ತಿಂಗಳು ನನಗೆ ಸ್ವಲ್ಪವೂ ಖುಷಿ ಇರಲಿಲ್ಲ.

ನನ್ನನ್ನು ಕರೆದುಕೊಂಡು ಹೋದ ಸಂಸ್ಥೆಯವರು ಮೊದಲ ವಾರವೇ ಕಂಬಳಿ ಹಂಚಿದರು. ಜನರನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರ ಕೈಗೂ ಕಂಬಳಿ ಕೊಡುವಾಗ ಫೋಟೋ. ಒಬ್ಬ ಅಜ್ಜಿ ಕಂಬಳಿ ತೆಗೆದುಕೊಂಡರು, ಆದರೆ ಮುಖ ಆಚೆ ತಿರುಗಿಸಿದರು. ಫೋಟೋ ಸರಿ ಬರಲಿಲ್ಲ ಅಂತ ಇನ್ನೊಮ್ಮೆ ನಿಲ್ಲಲು ಹೇಳಿದರು. ಕಂಬಳಿಯ ಇನ್ನೊಂದು ತುದಿ ಹಿಡಿದುಕೊಂಡಿದ್ದವಳು ನಾನು. ಆ ಕ್ಷಣ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಾದ ಮೇಲೆ ಊರಿನವರು ನನ್ನ ಹತ್ತಿರ ಮಾತಾಡುತ್ತಿದ್ದರು, ನಗುತ್ತಿರಲಿಲ್ಲ. ನಾನು ಹೋದರೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಟೀ ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಇನ್ನೊಂದು ಕಾರಣವೂ ಇತ್ತು. ಹಿಂದಿನ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಭಾರತದ ಗಡಿಯಲ್ಲಿ ಸರಕು ಸಾಗಣೆ ನಿಂತುಹೋಗಿತ್ತು. ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ, ಔಷಧಿಗೂ ಕಷ್ಟ. ಭೂಕಂಪದ ಮರು ಚಳಿಗಾಲವನ್ನು ಆ ಜನ ತಗಡಿನ ಶೆಡ್ಡಿನಲ್ಲಿ ಹಾಗೆ ಕಳೆದಿದ್ದರು. "ಇಂಡಿಯಾದವಳಾ?" ಅಂತ ಅಂಗಡಿಯಲ್ಲಿ ಕೇಳಿದಾಗ ಹೌದು ಅನ್ನಲು ನನಗೆ ಗಂಟಲು ಕಟ್ಟುತ್ತಿತ್ತು.

ಆಮೇಲೆ ಬಂತು ಅಸಾರ್ 15. ಅಸಾರ್ ಅಂದರೆ ಅವರ ಆಷಾಢ. ನಮ್ಮ ಲೆಕ್ಕದಲ್ಲಿ ಜೂನ್ 29. ನೇಪಾಳದ ತುಂಬ ಅಂದು ಭತ್ತ ನಾಟಿಯ ದಿನ. ನಾಟಿ ಮಾಡಬೇಕು, ಕೆಸರು ಎರಚಬೇಕು, ಹಾಡಬೇಕು, ದಹಿ ಚಿಉರಾ ತಿನ್ನಬೇಕು. ದಹಿ ಚಿಉರಾ ಅಂದರೆ ಬೇರೇನೂ ಅಲ್ಲ, ನಮ್ಮ ಮೊಸರವಲಕ್ಕಿ!

ಬೆಳಿಗ್ಗೆ ನೋಡಿದರೆ ಊರಿಗೆ ಊರೇ ಗದ್ದೆಯಲ್ಲಿ. ನಾನು ಫೋನ್ ಹಿಡಿದು ಬದುವಿನ ಮೇಲೆ ನಿಂತಿದ್ದೆ. ಗಂಡಸರು ಎತ್ತು ಹೂಡಿ ಉಳುತ್ತಿದ್ದರು. ಕೆಲವರು ಅಂಚು ಕಡಿದು ಮಣ್ಣು ಮೆತ್ತುತ್ತಿದ್ದರು. ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು. ಬೆನ್ನ ಮೇಲೆ ಬಿದಿರು ಹೆಣೆದು ಎಲೆ ತುಂಬಿದ ಮಳೆಗುರಾಣಿ. ಅವರು ಅದಕ್ಕೆ ಘುಂ ಅನ್ನುತ್ತಾರೆ. ನೋಡಿದ ಕೂಡಲೇ ನಮ್ಮಜ್ಜಿಯ ಗೊರಬು ಕಣ್ಣಿಗೆ ಬಂತು. ಬೆನ್ನು ಮುಚ್ಚುವ ಬಗೆ ಅದೇ. ಬಗ್ಗಿದಾಗ ದೂರದಿಂದ ಆಮೆಗಳ ಸಾಲಿನ ಹಾಗೆ ಕಾಣುವುದೂ ಅದೇ.

ಆ ದಿನ ಮುಖ ತಿರುಗಿಸಿದ್ದ ಅಜ್ಜಿ ತಲೆ ಎತ್ತಿ ಕೇಳಿದರು, "ನಿಂತು ನೋಡುತ್ತೀಯಾ, ಇಳಿಯುತ್ತೀಯಾ?"

ಫೋನನ್ನು ಒಂದು ಘುಂ ಕೆಳಗಿಟ್ಟು, ಪ್ಯಾಂಟ್ ಮಡಚಿ ಇಳಿದೆ. ಕಾಲು ಹೂತ ಕೂಡಲೇ ಮೈಗೆ ಎಲ್ಲ ನೆನಪಾಯಿತು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯಲ್ಲಿ ಮೂರ್ನಾಲ್ಕು ಸಸಿ ಬಿಡಿಸಿ ಹೆಬ್ಬೆರಳಿನಿಂದ ಒತ್ತುವುದು, ಹಿಂದಕ್ಕೆ ಒಂದು ಹೆಜ್ಜೆ. ಹತ್ತನೇ ವಯಸ್ಸಿನಿಂದ ರಜೆಯಲ್ಲಿ ಮಾಡಿದ ಕೆಲಸ ಅದು. ಒಂದು ಸಾಲು ಮುಗಿಸಿ ನೋಡಿದರೆ ಪಕ್ಕದವರೆಲ್ಲ ಕೈ ನಿಲ್ಲಿಸಿ ನನ್ನ ಸಾಲನ್ನೇ ನೋಡುತ್ತಿದ್ದರು. ಅಜ್ಜಿ ಜೋರಾಗಿ ಏನೋ ಕೂಗಿದರು. ಇಡೀ ಗದ್ದೆ ನಕ್ಕಿತು. ಆಮೇಲೆ ತಿಳಿಯಿತು, ಅವರು ಹೇಳಿದ್ದು "ಅಯ್ಯೋ, ಇವಳು ರೈತರ ಮಗಳು ಕಣ್ರೇ, ಇಷ್ಟು ದಿನ ಯಾರೂ ಹೇಳಲೇ ಇಲ್ಲ!" ಅಂತ.

ಅಷ್ಟರಲ್ಲಿ ಹಿಂದಿನಿಂದ ಬಂದ ಒಂದು ಹಿಡಿ ಕೆಸರು ನನ್ನ ಕೆನ್ನೆಗೆ ಬಿತ್ತು. ಮೂರು ತಿಂಗಳ ಬಿಗುಮಾನ ಅಲ್ಲಿಗೆ ಮುಗಿಯಿತು.

ಸಂಜೆ ಅಜ್ಜಿ ಹೇಳಿದರು, "ನಿನಗೆ ನನ್ನದು ಒಂದು ದಿನ ಬಾಕಿ." ಅಲ್ಲಿ ಪರ್ಮ ಅಂತ ಒಂದು ಪದ್ಧತಿ ಇದೆ. ಇವತ್ತು ನಾನು ನಿನ್ನ ಗದ್ದೆಗೆ ಒಂದು ಆಳು, ನಾಳೆ ನೀನು ನನ್ನ ಗದ್ದೆಗೆ ಒಂದು ಆಳು. ದುಡ್ಡಿನ ಮಾತಿಲ್ಲ. ನಮ್ಮ ಮುಯ್ಯಾಳು! ನಾನು "ಬೇಡ ಆಮಾ, ನಾನು ಸೇವೆಗೆ ಅಂತಲೇ ಬಂದವಳು" ಅಂದೆ. ಅವರಿಗೆ ಸಿಟ್ಟು ಬಂತು. "ತಿರುಗಿ ತೆಗೆದುಕೊಳ್ಳದವಳನ್ನು ಇನ್ನೊಂದು ಸಲ ಹೇಗೆ ಕರೆಯಲಿ?" ಅಂದರು.

ಮೂರನೇ ದಿನ ಬೆಳಿಗ್ಗೆ ನಾವು ಮಾದರಿ ಗೋಡೆ ಕಟ್ಟುತ್ತಿದ್ದ ಜಾಗಕ್ಕೆ ಬಂದರು. ಸಂಜೆವರೆಗೆ ಮರಳು ಜರಡಿ ಹಿಡಿದರು. ಹೋಗುವಾಗ "ಈಗ ಸರಿಯಾಯಿತು" ಅಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಆ ಐದು ತಿಂಗಳಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಂತೋಷ ಅದು.

ಮರುದಿನದಿಂದ ಯಾರ ಮನೆಗೆ ಹೋದರೂ ಕುರ್ಚಿ ಬರಲಿಲ್ಲ. ನೆಲದ ಮೇಲೆ ಅವರ ಜೊತೆಗೇ ಕೂರುತ್ತಿದ್ದೆ.

ನಿಮ್ಮಲ್ಲಿ ಬೇರೆ ದೇಶದಲ್ಲಿ ಹೀಗೆ ಕೆಲಸ ಮಾಡಿದವರು ಇದ್ದೀರಲ್ವಾ? ಅಲ್ಲಿನವರ ಜೊತೆ ಮನಸ್ಸು ಬಿಚ್ಚಿ ನಕ್ಕ ದಿನ ಯಾವುದು? ಹೇಗೆ ಬಂತು ಅದು?


ಮಂಡ್ಯದ_ಹೈದ

ಅಕ್ಕಾ, ಓದಿ ಕಣ್ಣು ತುಂಬಿತು. ಮುಯ್ಯಾಳು ಅನ್ನುವ ಮಾತು ಕೇಳಿ ಎಷ್ಟು ವರ್ಷವಾಯಿತು! ನಮ್ಮ ಕಡೆ ಈಗ ನಾಟಿಗೆ ಗುತ್ತಿಗೆ ತಂಡ ಬರುತ್ತದೆ, ಎಕರೆಗೆ ಇಷ್ಟು ಅಂತ. ನಮ್ಮವ್ವ ಮಾತ್ರ ಇನ್ನೂ ಯಾರ ಮನೆಗೆ ಎಷ್ಟು ಮುಯ್ಯಿ ಬಾಕಿ ಅಂತ ನೆನಪಿಟ್ಟುಕೊಂಡಿದ್ದಾರೆ.

ಅಲ್ಲಿ ಊಟ ಏನು ಕೊಡುತ್ತಿದ್ದರು? ನೇಪಾಳದಲ್ಲಿ ರಾಗಿ ಬೆಳೆಯುತ್ತಾರೆ ಅಂತ ಕೇಳಿದ್ದೆ.


ತುಂಗೆಯ_ಮಗಳು

ಬೆಳೆಯುತ್ತಾರೆ. ಅಲ್ಲಿ ರಾಗಿಗೆ ಕೋದೋ ಅನ್ನುತ್ತಾರೆ. ಅದನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗಿ ತಿರುವಿ ಧಿಂಡೋ ಮಾಡುತ್ತಾರೆ. ಗೋವಿನಜೋಳದ ಹಿಟ್ಟಿನಲ್ಲೂ ಮಾಡುತ್ತಾರೆ. ಬೆರಳಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು. ಗೊತ್ತಾಯಿತಲ್ಲ? ಮುದ್ದೆಯೇ. ನಿಮ್ಮ ಹಾಗೆ ಉಂಡೆ ಕಟ್ಟುವುದಿಲ್ಲ, ಅಷ್ಟೇ ವ್ಯತ್ಯಾಸ.

ಜೊತೆಗೆ ಗುಂದ್ರುಕ್ ಸಾರು. ಸಾಸಿವೆ ಸೊಪ್ಪು, ಮೂಲಂಗಿ ಸೊಪ್ಪನ್ನು ಹುಳಿ ಬರಿಸಿ, ಒಣಗಿಸಿ ಇಟ್ಟಿರುತ್ತಾರೆ. ತರಕಾರಿ ಸಿಗದ ಕಾಲಕ್ಕೆ ಅದೇ ಆಧಾರ. ಮೊದಲ ಸಲ ವಾಸನೆ ಹಿಡಿಸಲಿಲ್ಲ. ಒಂದು ತಿಂಗಳಾದ ಮೇಲೆ ಅದಿಲ್ಲದೆ ಊಟ ಸೇರುತ್ತಿರಲಿಲ್ಲ.

ಇನ್ನೊಂದು ವಿಷಯ. ದಾರಿಯಲ್ಲಿ ಸಿಕ್ಕವರೆಲ್ಲ "ಖಾನಾ ಖಾನು ಭಯೊ?" ಅಂತ ಕೇಳುತ್ತಾರೆ. ಊಟ ಆಯ್ತಾ? ನಮ್ಮ ಹಾಗೇ, ನಮಸ್ಕಾರದ ಬದಲು ಊಟದ ವಿಚಾರ. ಆ ಒಂದು ಪ್ರಶ್ನೆಗೆ ನಾನು ಬೇಗ ಒಗ್ಗಿಕೊಂಡೆ.


ನೇರನುಡಿ

ನಿಮ್ಮ ಬರಹ ಚೆನ್ನಾಗಿದೆ ಮೇಡಂ. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ಬೇರೆಯವರ ಮನೆ ಬಿದ್ದ ಜಾಗಕ್ಕೆ ಹೋಗಿ ನಾವು ಸಂತೋಷ ಹುಡುಕುವುದು ಸರಿಯೇ? ನಿಮ್ಮ ವಿಮಾನದ ಖರ್ಚು, ಐದು ತಿಂಗಳ ಊಟ ವಸತಿ, ಈ ದುಡ್ಡು ಅಲ್ಲಿನ ಮೇಸ್ತ್ರಿಗೆ ಕೂಲಿಯಾಗಿ ಹೋಗಿದ್ದರೆ ಒಂದು ಗೋಡೆ ಜಾಸ್ತಿ ಏಳುತ್ತಿತ್ತು. ಹೊರಗಿನಿಂದ ಬಂದ ಹುಡುಗರು ಇಟ್ಟಿಗೆ ಹೊತ್ತು ಫೋಟೋ ಹಾಕಿಕೊಂಡು ಹೋಗುತ್ತಾರೆ. ಊರಿನ ಕೂಲಿಯವನು ಕೆಲಸ ಇಲ್ಲದೆ ನೋಡುತ್ತಾ ನಿಲ್ಲುತ್ತಾನೆ. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.


ತುಂಗೆಯ_ಮಗಳು

ಬೇಸರ ಇಲ್ಲ ಸರ್. ಈ ಪ್ರಶ್ನೆ ನನ್ನನ್ನೂ ಅಲ್ಲಿ ರಾತ್ರಿ ಮಲಗಲು ಬಿಡುತ್ತಿರಲಿಲ್ಲ.

ಕಲ್ಲು ಹೊರುವ ಕೆಲಸಕ್ಕೆ ನಾನು ಹೋಗಿದ್ದರೆ ನಿಮ್ಮ ಮಾತು ಪೂರ್ತಿ ಸರಿ. ಅಲ್ಲಿನವರು ಬೆನ್ನಿಗೆ ಡೋಕೋ ಬುಟ್ಟಿ ಹಾಕಿ, ಹಣೆಗೆ ಪಟ್ಟಿ ಕಟ್ಟಿ ಹೊರುವ ಭಾರದಲ್ಲಿ ಕಾಲು ಭಾಗವನ್ನೂ ನಾನು ಹೊರಲಾರೆ. ಆದರೆ ಆಗ ಅಲ್ಲಿದ್ದ ತೊಂದರೆ ಬೇರೆ. ಸರ್ಕಾರ ಮನೆ ಕಟ್ಟಲು 2 ಲಕ್ಷ ನೇಪಾಳಿ ರೂಪಾಯಿ ಕೊಡುತ್ತಿತ್ತು (ಆಮೇಲೆ ಅದು 3 ಲಕ್ಷ ಆಯಿತು), ಮೂರು ಕಂತಿನಲ್ಲಿ. ಹಿಂದಿನ ಹಂತ ನಿಯಮದ ಪ್ರಕಾರ ಆಗಿದೆ ಅಂತ ತಾಂತ್ರಿಕ ತಪಾಸಣೆ ಆದ ಮೇಲೆಯೇ ಮುಂದಿನ ಕಂತು. ತಳಪಾಯದ ಮೇಲಿನ ಪಟ್ಟಿ ತಪ್ಪಿದರೆ ದುಡ್ಡು ನಿಲ್ಲುತ್ತದೆ, ಗೋಡೆ ಅರ್ಧಕ್ಕೆ ನಿಲ್ಲುತ್ತದೆ. ಸಾವಿರಾರು ಮನೆ ಒಟ್ಟಿಗೆ ಏಳಬೇಕು. ಹೇಳಿಕೊಡುವವರು ಸಾಲುತ್ತಿರಲಿಲ್ಲ. ಅದಕ್ಕೆ ಹೋದೆ. ಗೋಡೆ ಕಟ್ಟಿದ್ದು ಅಲ್ಲಿನ ಮೇಸ್ತ್ರಿಗಳೇ, ಕೂಲಿ ತೆಗೆದುಕೊಂಡೇ.

ಸಂತೋಷ ಹುಡುಕಿಕೊಂಡು ಹೋಗಿರಲಿಲ್ಲ. ಮೂರು ತಿಂಗಳು ಸಿಗಲೂ ಇಲ್ಲ. ಅದು ಸಿಗದಿದ್ದಾಗ ಕೆಲಸವೂ ಸರಿಯಾಗಿ ಆಗುತ್ತಿರಲಿಲ್ಲ, ಇದನ್ನು ಸ್ವಲ್ಪ ಗಮನಿಸಿ. ನಾನು ಗೋಡೆಯ ತಪ್ಪು ತೋರಿಸಿದರೆ ಮೇಸ್ತ್ರಿಗಳು ತಲೆ ಆಡಿಸುತ್ತಿದ್ದರು, ನಾನು ಹೋದ ಮೇಲೆ ಹಳೇ ರೀತಿಯಲ್ಲೇ ಕಟ್ಟುತ್ತಿದ್ದರು. ನಾಟಿಯ ದಿನದ ನಂತರ ಅವರೇ ಬಂದು ಜಗಳ ಆಡಲು ಶುರು ಮಾಡಿದರು. "ಈ ಉದ್ದ ಕಲ್ಲು ಎಲ್ಲಿಂದ ತರಲಿ? ಬದಲಿಗೆ ಮರದ ತುಂಡು ಹಾಕಿದರೆ ಆಗಲ್ವಾ?" ಅಂತ. ಆಗುತ್ತದೆ, ಗಟ್ಟಿ ಮರ ಆದರೆ ಆಗುತ್ತದೆ. ಅದನ್ನು ನಾನು ಮೊದಲೇ ಹೇಳಬೇಕಿತ್ತು. ಅವರು ಕೇಳುವಷ್ಟು ಹತ್ತಿರ ನಾನು ಇರಲಿಲ್ಲ.

ಕಂಬಳಿ ಫೋಟೋ ವಿಷಯದಲ್ಲಿ ನೀವು ಏನು ಬೈದರೂ ಒಪ್ಪುತ್ತೇನೆ.


ನೇರನುಡಿ

ಒಪ್ಪಿದೆ ಮೇಡಂ. ಅಲ್ಲಿ ಇಲ್ಲದ ಕೆಲಸ ಗೊತ್ತಿದ್ದವರು ಹೋಗಬೇಕು, ತಿಂಗಳುಗಟ್ಟಲೆ ಇರಬೇಕು. ವಾರಕ್ಕೆ ಹೋಗಿ ಬರುವವರ ಬಗ್ಗೆ ನನ್ನ ಮಾತು ಹಾಗೇ ಇರುತ್ತದೆ.


ಹುಬ್ಬಳ್ಳಿಯಿಂದ_ಟೋಕಿಯೋ

ನಾನು ವಾರದ ಕೊನೆಗೆ ಹೋಗಿ ಬರುತ್ತಿದ್ದವನು ಸರ್. ಆದರೂ ಹೇಳುತ್ತೇನೆ.

2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ ಆದಾಗ ನಾನು ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ನನ್ನ ಜೊತೆಗಿದ್ದ ಭಾರತೀಯರಲ್ಲಿ ಹಲವರು ಊರಿಗೆ ವಾಪಸ್ ಹೋದರು. ಅವರ ತಪ್ಪಿಲ್ಲ, ಫುಕುಶಿಮಾ ಅಣುಸ್ಥಾವರದ ಭಯ ಎಲ್ಲರಿಗೂ ಇತ್ತು. ನಾನು ಉಳಿದೆ. ಏಪ್ರಿಲ್ ಕೊನೆಯ ಗೋಲ್ಡನ್ ವೀಕ್ ರಜೆಯಲ್ಲಿ ರಾತ್ರಿ ಬಸ್ ಹತ್ತಿ ಇಶಿನೊಮಾಕಿಗೆ ಹೋದೆ. ಆ ಒಂದೇ ಊರಿನಲ್ಲಿ 3,000ಕ್ಕೂ ಜಾಸ್ತಿ ಜನ ಸತ್ತಿದ್ದರು.

ಜಪಾನಿನಲ್ಲಿ ಈ ಕೆಲಸಕ್ಕೆ ಒಂದು ಶಿಸ್ತು ಇದೆ. 1995ರ ಕೋಬೆ ಭೂಕಂಪದಲ್ಲಿ 10 ಲಕ್ಷಕ್ಕೂ ಜಾಸ್ತಿ ಸ್ವಯಂಸೇವಕರು ಓಡಿ ಬಂದರು. ಆ ವರ್ಷವನ್ನು ಅವರು ಸ್ವಯಂಸೇವೆಯ ಮೊದಲ ವರ್ಷ ಅಂತಲೇ ಕರೆಯುತ್ತಾರೆ. ಅಲ್ಲಿಂದ ಕಲಿತ ಪಾಠ ಇದು: ನಿನ್ನ ಊಟ, ನೀರು, ಹಾಸಿಗೆ ನೀನೇ ತರಬೇಕು. ಊರಿನವರ ಒಂದು ತುತ್ತನ್ನೂ ಕಿತ್ತುಕೊಳ್ಳಬಾರದು. ಬೆಳಿಗ್ಗೆ ಕೇಂದ್ರದಲ್ಲಿ ಹೆಸರು ಬರೆಸಬೇಕು, ವಿಮೆ ಮಾಡಿಸಿರಬೇಕು. ಬೂಟಿನ ಒಳಗೆ ಉಕ್ಕಿನ ಹಾಳೆ ಇರಬೇಕು, ಕೆಸರಿನಲ್ಲಿ ಮೊಳೆ ಜಾಸ್ತಿ.

ನಾನು ಮೊದಲು ಮಾಡಿದ್ದು ಮನೆಗಳಿಂದ ಕೆಸರು ತೆಗೆಯುವ ಕೆಲಸ. ತುಂಗೆಯ ಮಗಳು ಅಕ್ಕ ಹೇಳಿದ ಕೆಸರಿಗೂ ಈ ಕೆಸರಿಗೂ ಹೋಲಿಕೆ ಇಲ್ಲ. ಸಮುದ್ರದ ತಳದ ಕಪ್ಪು ಕೆಸರು, ಎಣ್ಣೆ ಮತ್ತು ಕೊಳೆತ ಮೀನಿನ ವಾಸನೆ. ಅದರೊಳಗೆ ಸಿಕ್ಕಿದ್ದನ್ನು ಸುಮ್ನೆ ಎಸೆಯುವ ಹಾಗಿಲ್ಲ. ಮುಖ್ಯವಾಗಿ ಫೋಟೋ. ಫೋಟೋ ಸಿಕ್ಕರೆ ಬೇರೆ ಡಬ್ಬಿಗೆ ಹಾಕಬೇಕು.

ನಂತರದ ತಿಂಗಳುಗಳಲ್ಲಿ ಆ ಫೋಟೋ ತೊಳೆಯುವ ಕೆಲಸಕ್ಕೆ ಸೇರಿದೆ. ಹಳೇ ಫೋಟೋದ ಮೇಲ್ಪದರದಲ್ಲಿ ಜೆಲಟಿನ್ ಇರುತ್ತದೆ. ಒದ್ದೆಯಾದರೆ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತದೆ, ಬಣ್ಣ ಕರಗಿ ಹೋಗುತ್ತದೆ. ಹಾಗಾಗಿ ಬೇಗ ಮಾಡಬೇಕು. ಆಲ್ಬಂನಿಂದ ಬಿಡಿಸಿ, ನೀರಿನ ತಟ್ಟೆಯಲ್ಲಿಟ್ಟು, ಮೆತ್ತನೆ ಬ್ರಷ್‌ನಿಂದ ಅಂಚಿನ ಮಣ್ಣು ತೆಗೆದು, ಬಟ್ಟೆ ಕ್ಲಿಪ್ ಹಾಕಿ ದಾರಕ್ಕೆ ನೇತು ಹಾಕುತ್ತಿದ್ದೆವು. ಒಂದು ದೊಡ್ಡ ಕೋಣೆಯ ತುಂಬ ದಾರಗಳು. ದಾರದ ತುಂಬ ಬೇರೆಯವರ ಮದುವೆ, ಮಕ್ಕಳು, ಶಾಲೆ.

ತಿಂಗಳುಗಟ್ಟಲೆ ಅಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಜನ ಬಂದು ದಾರದ ಕೆಳಗೆ ನಿಧಾನವಾಗಿ ನಡೆಯುತ್ತಿದ್ದರು. ಕೆಲವರಿಗೆ ಒಂದು ಸಿಗುತ್ತಿತ್ತು. ತಲೆ ಬಾಗಿಸಿ ತೆಗೆದುಕೊಂಡು ಹೋಗುತ್ತಿದ್ದರು. ನಾನು ಕೈಗವಸು ಹಾಕಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದೆ.

ಒಂದು ದಿನ ಇಬ್ಬರು ಅಜ್ಜಿಯರು ಒಂದು ಕಪ್ಪು ಬಿಳುಪು ಫೋಟೋ ಮುಂದೆ ನಿಂತರು. ಶಾಲೆಯ ಕ್ರೀಡಾದಿನದ್ದು. ಒಬ್ಬ ಹುಡುಗಿ ಓಟದಲ್ಲಿ ಬಿದ್ದು, ಕಾಲು ಮೇಲಾಗಿದೆ. ಒಬ್ಬಾಕೆ ಇನ್ನೊಬ್ಬಾಕೆಗೆ ಬೆರಳು ತೋರಿಸಿ "ಇದು ನೀನೇ!" ಅಂದರು. ಇಬ್ಬರೂ ನಗಲು ಶುರು ಮಾಡಿದರು. ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಬಿದ್ದ ಅಜ್ಜಿ ಹೇಳಿದರಂತೆ, "ಸುನಾಮಿ ನಮ್ಮನೆಯ ಎಲ್ಲ ಫೋಟೋ ಒಯ್ದು ಇದೊಂದನ್ನೇ ಉಳಿಸಿದೆ." ಮೂಲೆಯಲ್ಲಿದ್ದ ನನ್ನನ್ನು ಕೈ ಮಾಡಿ ಕರೆದರು. ಬಾ, ನೀನೂ ನೋಡು, ನೀನೂ ನಗು ಅಂತ. ನಾನು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಆ ಅಜ್ಜಿಯೇ ನನಗೆ ಕರವಸ್ತ್ರ ಕೊಟ್ಟರು.

ಆಮೇಲೆ ಅವರು ನನ್ನನ್ನು ಒಚಕ್ಕೊಗೆ ಕರೆದರು. ಆ ಸೀಮೆಯ ಮಾತಿನಲ್ಲಿ ಒಚಕ್ಕೊ ಅಂದರೆ ಟೀ ಕುಡಿಯುತ್ತಾ ಹರಟುವುದು. ಸರ್ಕಾರ ಕಟ್ಟಿಸಿದ ತಾತ್ಕಾಲಿಕ ಮನೆಗಳ ಸಾಲಿನಲ್ಲಿ ಒಂದು ಸಣ್ಣ ಕೋಣೆ. ಉಪ್ಪಿನಲ್ಲಿ ಹಾಕಿದ ಮೂಲಂಗಿ, ಹಸಿರು ಟೀ. ನನಗೆ ಸಂಕೋಚ. ಸಂತ್ರಸ್ತರ ಊಟ ಮುಟ್ಟಬಾರದು ಅಂತ ನಿಯಮ ಇದೆಯಲ್ಲ! ನಾನು ನನ್ನ ಚೀಲದಿಂದ ನನ್ನದೇ ಅಕ್ಕಿಯುಂಡೆ ತೆಗೆದೆ. ಅಜ್ಜಿ ಅದನ್ನು ನನ್ನ ಕೈಯಿಂದ ಕಿತ್ತು ಪಕ್ಕಕ್ಕಿಟ್ಟು ಮೂಲಂಗಿ ತಟ್ಟೆ ಮುಂದಿಟ್ಟರು. "ಆರು ತಿಂಗಳಿಂದ ಎಲ್ಲರೂ ನಮಗೆ ಕೊಡುತ್ತಲೇ ಇದ್ದಾರೆ. ನಾವು ಯಾರಿಗೆ ಕೊಡಬೇಕು?" ಅಂದರು.

ಅಕ್ಕಾ, ನಿಮ್ಮ ಆಮಾ ಹೇಳಿದ್ದೂ ಇದನ್ನೇ ಅಲ್ವಾ? ಅದಕ್ಕೇ ಇಷ್ಟುದ್ದ ಬರೆದೆ. ಮುಂದಿನ ಸಲ ನಾನು ಶುಂಠಿ, ಏಲಕ್ಕಿ, ಹಾಲಿನ ಪುಡಿ ಒಯ್ದೆ. ನಮ್ಮ ಚಹಾ ಮಾಡಿದೆ. ಎರಡು ವರ್ಷ, ತಿಂಗಳಿಗೊಮ್ಮೆ ಅವರ ಮೂಲಂಗಿ, ನನ್ನ ಚಹಾ.


ತುಂಗೆಯ_ಮಗಳು

"ನಾವು ಯಾರಿಗೆ ಕೊಡಬೇಕು?" ಈ ಮಾತನ್ನು ಬರೆದಿಟ್ಟುಕೊಂಡೆ ತಮ್ಮಾ. ನಾನು ಐದು ತಿಂಗಳು ಹೇಳಲು ಒದ್ದಾಡಿದ್ದನ್ನು ಆ ಅಜ್ಜಿ ಮೂರು ಪದದಲ್ಲಿ ಹೇಳಿದ್ದಾರೆ.


ಥೇಮ್ಸ್_ದಂಡೆಯಿಂದ

ನನ್ನದು ಸಣ್ಣ ಅನುಭವ. ಲಂಡನ್ನಿನ ಸೌತ್‌ಹಾಲ್‌ನಲ್ಲಿ ಒಂದು ಗುರುದ್ವಾರದ ಅಡುಗೆಮನೆಯಲ್ಲಿ ಭಾನುವಾರ ರೊಟ್ಟಿ ಲಟ್ಟಿಸುತ್ತೇನೆ. ಲಂಗರ್ ಊಟಕ್ಕೆ ಯಾರು ಬೇಕಾದರೂ ಬರಬಹುದು. ಬಾಡಿಗೆ ಕಟ್ಟಿ ಕೈ ಖಾಲಿಯಾದ ವಿದ್ಯಾರ್ಥಿಗಳು ಬರುತ್ತಾರೆ, ಬೀದಿಯಲ್ಲಿ ಮಲಗುವವರು ಬರುತ್ತಾರೆ, ಕಾರಿನಲ್ಲಿ ಬಂದವರೂ ಪಕ್ಕದಲ್ಲೇ ಕೂರುತ್ತಾರೆ. ಸಾಲಾಗಿ ಕೂರುವುದಕ್ಕೆ ಅವರು ಪಂಗತ್ ಅನ್ನುತ್ತಾರೆ. ನಮ್ಮ ಪಂಕ್ತಿ. ಇಲ್ಲಿ ಬಡಿಸಿದವರೂ ಆಮೇಲೆ ಅದೇ ಸಾಲಿನಲ್ಲಿ ಕೂತು ಊಟ ಮಾಡುತ್ತಾರೆ. ಹೋದ ವಾರ ನನ್ನ ಪಕ್ಕ ಕೂತು ಉಂಡ ಹುಡುಗ ಈ ವಾರ ನನ್ನ ಪಕ್ಕ ನಿಂತು ಹಿಟ್ಟು ನಾದುತ್ತಿದ್ದ. ಪಂಜಾಬಿ ಅಜ್ಜಿಯರು ನನಗೆ ಹಾಡು ಕಲಿಸುತ್ತಾರೆ. ನಾನು ಅವರಿಗೆ ಜೋಳದ ರೊಟ್ಟಿ ತಟ್ಟುವುದನ್ನು ಕಲಿಸುತ್ತಿದ್ದೇನೆ. ಮನೆಯ ನೆನಪಾಗಿ ಅಳುತ್ತಿದ್ದವಳಿಗೆ ಭಾನುವಾರ ಬಂದರೆ ಸಾಕು ಅನ್ನಿಸುತ್ತದೆ ಈಗ.


ನಿವೃತ್ತ_ಮೇಷ್ಟ್ರು_ದಾವಣಗೆರೆ

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ನನಗೆ 62. ಗಣಿತ ಮೇಷ್ಟ್ರಾಗಿದ್ದೆ. ಮನೆಯವರು ತೀರಿಕೊಂಡು ಎರಡು ವರ್ಷ. ಮಕ್ಕಳು ದೂರ ಇದ್ದಾರೆ. ಕೈಕಾಲು ಗಟ್ಟಿ ಇದೆ. ಎಲ್ಲಿಯಾದರೂ ಹೋಗಿ ಉಪಯೋಗಕ್ಕೆ ಬರಬೇಕು ಅಂತ ಆಸೆ. ಒಂದು ಏಜೆನ್ಸಿಯವರು ಕಠ್ಮಂಡುವಿನ ಅನಾಥಾಶ್ರಮದಲ್ಲಿ ಎರಡು ವಾರ ಮಕ್ಕಳ ಜೊತೆ ಇರುವ ಅವಕಾಶ ಇದೆ, ಇಷ್ಟು ಹಣ ಕಟ್ಟಿ ಅನ್ನುತ್ತಿದ್ದಾರೆ. ಹೋಗಲೇ?


ನೇರನುಡಿ

ಮೇಷ್ಟ್ರೇ, ದಯವಿಟ್ಟು ಆ ಹಣ ಕಟ್ಟಬೇಡಿ.

ನೇಪಾಳದ ಅನಾಥಾಶ್ರಮಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಯೂನಿಸೆಫ್ ಇದನ್ನು ವರ್ಷಗಳಿಂದ ಹೇಳುತ್ತಿದೆ. ಒಳ್ಳೇ ಶಾಲೆಗೆ ಸೇರಿಸುತ್ತೇವೆ ಅಂತ ನಂಬಿಸಿ ಬೆಟ್ಟದ ಹಳ್ಳಿಗಳಿಂದ ಮಕ್ಕಳನ್ನು ಕರೆತರುತ್ತಾರೆ. ಹಣ ಕೊಟ್ಟು ನೋಡಲು ಬರುವ ನಮ್ಮಂಥವರು ಇದ್ದರೆ ಆ ವ್ಯಾಪಾರ ನಿಲ್ಲುವುದೇ ಇಲ್ಲ. ಎಲ್ಲ ಕಡೆ ಹೀಗೆ ಅಂತ ಅಲ್ಲ. ಆದರೆ ಹೊರಗಿನಿಂದ ಬಂದ ನಮಗೆ ಯಾವುದು ಸರಿ, ಯಾವುದು ತಪ್ಪು ಅಂತ ಎರಡು ವಾರದಲ್ಲಿ ತಿಳಿಯುವುದಿಲ್ಲ.

ಇನ್ನೊಂದು, ನೀವು ಮೇಷ್ಟ್ರು, ನಿಮಗೆ ಗೊತ್ತಿರುತ್ತದೆ. ಎರಡು ವಾರದಲ್ಲಿ ಮಗು ನಿಮ್ಮನ್ನು ಹಚ್ಚಿಕೊಳ್ಳುತ್ತದೆ. ನೀವು ಹೊರಡುತ್ತೀರಿ. ಮುಂದಿನ ವಾರ ಇನ್ನೊಬ್ಬರು ಬರುತ್ತಾರೆ. ಒಂದೇ ಮಗುವನ್ನು ಎಷ್ಟು ಸಲ ಹೀಗೆ ಬಿಟ್ಟು ಹೋಗುವುದು?


ನಿವೃತ್ತ_ಮೇಷ್ಟ್ರು_ದಾವಣಗೆರೆ

ಈ ದೃಷ್ಟಿಯಲ್ಲಿ ಯೋಚಿಸಿರಲಿಲ್ಲ. ಹಣ ಕಟ್ಟುವುದಿಲ್ಲ. ತುಂಬಾ ಉಪಕಾರವಾಯಿತು. ಹಾಗಾದರೆ ನನ್ನಂಥವನಿಗೆ ಬೇರೆ ದಾರಿ ಏನು?


ತುಂಗೆಯ_ಮಗಳು

ಮೇಷ್ಟ್ರೇ, ನನಗೆ ತಿಳಿದಷ್ಟು ಹೇಳುತ್ತೇನೆ.

ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 1970ರಿಂದ ನಡೆಯುತ್ತಿದೆ, ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿ. ಅವರು ನಿಮ್ಮಿಂದ ಹಣ ಕೇಳುವುದಿಲ್ಲ. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡುವ ಕೆಲಸವೂ ಅಲ್ಲಿ ಇದೆ. ಮೊದಲು ಅದನ್ನು ಮಾಡಿ ನೋಡಿ.

ನೇಪಾಳಕ್ಕೇ ಹೋಗಬೇಕು ಅಂತಿದ್ದರೆ ಮಕ್ಕಳಿಗೆ ನೇರ ಪಾಠ ಮಾಡಲು ಹೋಗಬೇಡಿ. ಅಲ್ಲಿ ಮೇಷ್ಟ್ರುಗಳಿದ್ದಾರೆ. ಅವರಿಗೆ ಮಕ್ಕಳ ಭಾಷೆ ಬರುತ್ತದೆ, ನಮಗೆ ಬರುವುದಿಲ್ಲ. ನಾನಿದ್ದ ಊರಿನ ಶಾಲೆಯ ಗಣಿತದ ಮೇಷ್ಟ್ರು ಬಿದ್ದ ಶಾಲೆಯ ಅವಶೇಷದಿಂದ ಮರದ ತುಂಡು ಆರಿಸಿ ಭಿನ್ನರಾಶಿ ಕಲಿಸಲು ಪಟ್ಟಿಗಳನ್ನು ಕೊಯ್ಯುತ್ತಿದ್ದರು, ರಾತ್ರಿ, ಒಬ್ಬರೇ. ಅಂಥವರ ಪಕ್ಕ ಕೂತು ಕೊಯ್ಯಲು ಇನ್ನೊಂದು ಜೊತೆ ಕೈ ಬೇಕಿತ್ತು. ನಿಮ್ಮ ಮೂವತ್ತು ವರ್ಷದ ಅನುಭವ ಅಲ್ಲಿ ಕೆಲಸಕ್ಕೆ ಬರುತ್ತದೆ. ಆ ಶಾಲೆಯವರನ್ನು ಕೇಳಿ ನೋಡುತ್ತೇನೆ. ಅವರು ಕರೆದರೆ ಹೋಗಿ. ಕರೆಯದಿದ್ದರೆ ಬೇಡ.

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ. ನಮ್ಮ 100 ರೂಪಾಯಿಗೆ ಅವರ 160. ಗಡಿಯಾರ 15 ನಿಮಿಷ ಮುಂದಕ್ಕೆ ತಿರುಗಿಸಬೇಕು.

ಒಂದು ಹಾಡನ್ನೂ ನೆನಪು ಮಾಡಿಕೊಂಡು ಹೋಗಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ನಾಟಿ ಮುಗಿದ ರಾತ್ರಿ ದೋಹೋರಿ ಕೂತಿತ್ತು. ಗಂಡಸರದ್ದು ಒಂದು ಕಡೆ, ಹೆಂಗಸರದ್ದು ಒಂದು ಕಡೆ. ಅವರು ಎರಡು ಸಾಲು ಕಟ್ಟಿ ಹಾಡಿದರೆ ಇವರು ಆ ಕ್ಷಣಕ್ಕೇ ಎರಡು ಸಾಲು ಕಟ್ಟಿ ತಿರುಗಿ ಹಾಡಬೇಕು. ತಾಮಾಂಗ್ ಸಮುದಾಯದ ಮನೆಯವರು ಡಂಫು ಬಾರಿಸುತ್ತಿದ್ದರು. ಮೇಕೆ ಚರ್ಮ ಬಿಗಿದ, ತಟ್ಟೆಯಂಥ ವಾದ್ಯ ಅದು. ಹೆಂಗಸರ ಕಡೆ ಸಾಲು ತಪ್ಪಿತು. ಆಮಾ ನನ್ನನ್ನು ಮುಂದಕ್ಕೆ ತಳ್ಳಿದರು. ನನಗೆ ನೇಪಾಳಿಯಲ್ಲಿ ಸಾಲು ಕಟ್ಟಲು ಎಲ್ಲಿಂದ ಬರಬೇಕು? ಬಾಯಿಗೆ ಬಂದದ್ದು ನಮ್ಮಜ್ಜಿ ಮದುವೆ ಮನೆಯಲ್ಲಿ ಹೇಳುತ್ತಿದ್ದ ಸೋಬಾನೆ. ಎರಡನೇ ಸುತ್ತಿಗೆ ಹೆಂಗಸರೆಲ್ಲ "ಸೋಬಾನವೇ" ಅಂತ ಸೊಲ್ಲು ಹಿಡಿದರು! ಒಂದು ಪದದ ಅರ್ಥ ಗೊತ್ತಿಲ್ಲ, ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅಂತ ಗೊತ್ತು. ಗೆದ್ದದ್ದು ಹೆಂಗಸರು ಅಂತ ತೀರ್ಪಾಯಿತು.


ಜಯನಗರ_ನಿವಾಸಿ

ನಾನು ಯಾವ ದೇಶಕ್ಕೂ ಹೋದವನಲ್ಲ. ಆದರೂ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಇದನ್ನೆಲ್ಲ ಓದಿ, ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿ ಅಣ್ಣನಿಗೆ "ಖಾನಾ ಖಾನು ಭಯೊ?" ಅಂದೆ. ಅವರು ಪಶ್ಚಿಮ ನೇಪಾಳದ ಅಛಾಮ್ ಜಿಲ್ಲೆಯವರು. ಆರು ವರ್ಷದಿಂದ ನಮ್ಮಲ್ಲಿದ್ದಾರೆ. ಇಷ್ಟು ದಿನ ನಾವು ಆಡಿದ್ದು ಪಾರ್ಸೆಲ್, ನೀರಿನ ಟ್ಯಾಂಕರ್ ವಿಷಯ ಮಾತ್ರ. ಕುರ್ಚಿಯಿಂದ ಎದ್ದು ನಿಂತರು. ಇನ್ನೊಮ್ಮೆ ಹೇಳಿ ಅಂದರು.

ಅಸಾರ್ 15ರ ವಿಷಯ ಕೇಳಿದೆ. ಆರು ವರ್ಷದಿಂದ ಆ ದಿನ ಊರಿಗೆ ಹೋಗಲು ಆಗಿಲ್ಲವಂತೆ. ದಸೈಂ ಹಬ್ಬಕ್ಕೆ ಮಾತ್ರ ರಜೆ ಸಿಗುತ್ತದೆ, ಅದೂ ಎರಡು ವರ್ಷಕ್ಕೊಮ್ಮೆ. ಪಕ್ಕದ ಮೂರು ಅಪಾರ್ಟ್‌ಮೆಂಟಿನಲ್ಲೂ ಅವರ ಕಡೆಯವರೇ ಇದ್ದಾರೆ. ಜೂನ್ 29ರ ಸಂಜೆ ನಮ್ಮ ಟೆರೇಸ್‌ನಲ್ಲಿ ಎಲ್ಲರೂ ಸೇರಿ ದಹಿ ಚಿಉರಾ ತಿನ್ನೋಣ ಅಂದೆ. ಮೊದಲು ಬೇಡ ಸಾರ್ ಅಂದರು. ಮಧ್ಯಾಹ್ನ ಬಂದು, ಅವಲಕ್ಕಿ ಮತ್ತು ಬಾಳೆಹಣ್ಣು ನಾವು ತರುತ್ತೇವೆ, ಮೊಸರು ಮಾತ್ರ ನೀವು ನೋಡಿಕೊಳ್ಳಿ ಅಂದರು. ಬೇಡ, ಎಲ್ಲ ನಾವೇ ತರುತ್ತೇವೆ ಅನ್ನಲು ಬಾಯಿ ತೆರೆದಿದ್ದೆ. ನಿಮ್ಮ ಆಮಾ, ಆ ಜಪಾನಿನ ಅಜ್ಜಿ ಇಬ್ಬರೂ ನೆನಪಾದರು. ಆಗಲಿ ಅಂದೆ.

ಅಕ್ಕಾ, ಮೊಸರಿಗೆ ಪ್ಯಾಕೆಟ್ ಸಾಕಾ?


ತುಂಗೆಯ_ಮಗಳು

ಖಂಡಿತ ಬೇಡ! ಪ್ಯಾಕೆಟ್ ಮೊಸರು ಆ ಅವಲಕ್ಕಿಗೆ ಹಿಡಿಯುವುದಿಲ್ಲ. ಕೆನೆ ಇರುವ ಗಟ್ಟಿ ಮೊಸರು ಬೇಕು.

ಆಮಾನ ಮಗ ಬೆಂಗಳೂರಿನಲ್ಲೇ ಒಂದು ಮೊಮೊ ಅಂಗಡಿಯಲ್ಲಿ ಇದ್ದಾನೆ. ಅವನಿಗೆ ಈಗಲೇ ಫೋನ್ ಮಾಡಿದೆ, ಬರುತ್ತಾನಂತೆ. ನಾನು 28ರ ರಾತ್ರಿ ಬಸ್ಸಿಗೆ ಶಿವಮೊಗ್ಗದಿಂದ ಹೊರಡುತ್ತೇನೆ. ಮೊಸರು ನನ್ನದು. ಒಟ್ಟು ಎಷ್ಟು ಜನ ಅಂತ 26ರ ಒಳಗೆ ಹೇಳಿ, ಹೆಪ್ಪು ಹಾಕಬೇಕು.


ಜಯನಗರ_ನಿವಾಸಿ

ಅವರ ಕಡೆಯಿಂದ 11, ನಮ್ಮ ಕಡೆಯಿಂದ 7, ಆಮಾನ ಮಗ, ನೀವು. ಒಟ್ಟು 20.


ನಿವೃತ್ತ_ಮೇಷ್ಟ್ರು_ದಾವಣಗೆರೆ

21 ಮಾಡಿ. ದಾವಣಗೆರೆಯಿಂದ ಬೆಳಗಿನ ರೈಲಿಗೆ ನಾನೂ ಬರುತ್ತೇನೆ. ಏನು ತರಲಿ?


ಜಯನಗರ_ನಿವಾಸಿ

ಬನ್ನಿ ಮೇಷ್ಟ್ರೇ. ಸೆಕ್ಯೂರಿಟಿ ಅಣ್ಣನನ್ನೇ ಕೇಳಿದೆ. ಮೇಷ್ಟ್ರು ಒಂದು ಹಾಡು ತರಲಿ, ರಾತ್ರಿ ದೋಹೋರಿ ಇದೆ ಅಂದರು.